ಅಕ್ಕನಿಗೊಂದು ಗಾಲಿಕುರ್ಚಿ

ಅಕ್ಕನನ್ನು ಆರೋಗ್ಯ ಕೇಂದ್ರಕ್ಕೆ ಕರೆತರಲು ಗಾಲಿಕುರ್ಚಿ ಬೇಕು. ಗಾಲಿಕುರ್ಚಿ ಸಿಗಬೇಕಾದರೆ ಅಕ್ಕನೇ ಖುದ್ದಾಗಿ ಬರಬೇಕು. ಕೌಂಟರಿನ ಹೆಂಗಸಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ತಮ್ಮನ ಗಂಟಲು ಒಣಗಿತ್ತು.

"ಎತ್ಕೊಂಡು ಬನ್ನಿ," ಎಂದಳು ಅವಳು.

"ಒಂದ್ಸಲ ಎತ್ತೋಕೆ ಹೋಗಿ ಬೀಳಿಸಿದೀನಿ ಮೇಡಂ. ಈಗ ಮುಟ್ಟೋಕೂ ಬಿಡಲ್ಲ."

"ಹಾಗಾದ್ರೆ ಡಾಕ್ಟ್ರೇ ನಿಮ್ಮ ಮನೆಗೆ ಬರ್ತಾರೆ. ಗಾಡಿ ರಿಪೇರಿ ಆಗ್ಲಿ."

ಕೇಂದ್ರದ ಗಾಡಿ ಅಲ್ಲೇ ಹಿತ್ತಲಲ್ಲಿ ಚಕ್ರವಿಲ್ಲದೆ ಕೂತಿತ್ತು.

ಅಮ್ಮ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಈಗ ಮೊಣಕೈ ಊರಿ ಬಚ್ಚಲಿಗೆ ತೆವಳುತ್ತಿದ್ದಳು. "ನೋಡು, ನೆಲ ಒರೆಸೋ ಕೆಲಸ ನಿನಗೆ ತಪ್ತು," ಎಂದು ನಕ್ಕಳು. ಮೊಣಕೈಯ ಚರ್ಮ ಕಿತ್ತು ಕೀವಾಗಿತ್ತು. ಗಾಲಿಕುರ್ಚಿ ಕದಿಯುವುದೇ ಸರಿ ಎಂದು ಅವನು ಅಂದೇ ತೀರ್ಮಾನಿಸಿದ.

ವಿಚಾರಿಸುವ ನೆಪದಲ್ಲಿ ಮತ್ತೆ ಮತ್ತೆ ಹೋಗಿ ಎಲ್ಲವನ್ನೂ ಅಳೆದೂ ಸುರಿದೂ ನೋಡಿದ. ಒಳಗಿನ ಓಣಿಯಲ್ಲಿ ಕುರ್ಚಿಗಳು ಧೂಳು ತಿನ್ನುತ್ತಾ ನಿಂತಿದ್ದವು. ಖಾಲಿ ಕುರ್ಚಿ ತಳ್ಳಿಕೊಂಡು ಹೊರಟರೆ ಯಾರಾದರೂ ಕೇಳಿಯಾರು. ಕುರ್ಚಿಯಲ್ಲಿ ಕೂತವನನ್ನು ಕೇಳುವವರಿಲ್ಲ; ಅವನ ಮುಖ ನೋಡುವುದಕ್ಕೂ ಜನ ಮುಜುಗರ ಪಡುತ್ತಾರೆ. ಆ ಮುಜುಗರವೇ ತಮ್ಮನ ಉಪಾಯದ ಜೀವಾಳ. ತನ್ನ ಸರಕಿನ ಆಟೋವನ್ನು ರಸ್ತೆಯ ತಿರುವಿನಲ್ಲಿ ನಿಲ್ಲಿಸಿದರಾಯಿತು.

ಜನ ಕಿಕ್ಕಿರಿದಿದ್ದ ಬೆಳಿಗ್ಗೆಯೊಂದನ್ನು ಆರಿಸಿಕೊಂಡ. ಓಣಿಯಲ್ಲಿ ಯಾರೂ ಇಲ್ಲದಾಗ ಕುರ್ಚಿಯಲ್ಲಿ ಕೂತು, ಕಾಲಿಗೆ ಅಕ್ಕನ ಶಾಲು ಹೊದಿಸಿ, ಗಾಲಿ ತಿರುಗಿಸುತ್ತಾ ಹೊರಟ. ಕೌಂಟರಿನ ಹೆಂಗಸು ತಲೆಯೆತ್ತಲಿಲ್ಲ. ಡಾಕ್ಟರು ತಾವೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಎಷ್ಟೊಂದು ಸಲೀಸು! ಸಂಜೆ ಹೊತ್ತಿಗೆ ಅಕ್ಕ ಕಿಟಕಿಯ ಪಕ್ಕ ಕೂತು ಬೀದಿ ನೋಡುತ್ತಿರುತ್ತಾಳೆ ಎಂದುಕೊಂಡಾಗ ಅವನ ಕಣ್ಣು ಮಂಜಾಯಿತು.

ಬಾಗಿಲು ದಾಟಿದವನು ಗಕ್ಕನೆ ಗಾಲಿ ಹಿಡಿದ. ಕೆಳಗೆ ಮೆಟ್ಟಿಲುಗಳು. ಬಂದಾಗಲೆಲ್ಲ ಎರಡೆರಡು ಹಾರಿಕೊಂಡು ಹತ್ತಿದವನಿಗೆ ಅವು ಲೆಕ್ಕಕ್ಕೇ ಬಂದಿರಲಿಲ್ಲ. ಎದ್ದು ನಿಂತರೆ ಕಳ್ಳ, ಕೂತರೆ ಇಲ್ಲೇ. ಅಷ್ಟರಲ್ಲಿ ಕಾವಲುಗಾರ ಅಂಗಿಯ ತೋಳು ಮಡಚಿಕೊಳ್ಳುತ್ತಾ ಓಡಿ ಬಂದ. "ಗಾಬರಿ ಬೇಡ ಅಣ್ಣಾ, ಇಳಿಸ್ತೀನಿ. ಇಲ್ಲಿಗೆ ಬರೋರನ್ನೆಲ್ಲ ನಾನೇ ಅಲ್ವಾ ಎತ್ತಿ ಹತ್ತಿಸೋದು," ಎನ್ನುತ್ತಾ ಕಂಕುಳಿಗೆ ಕೈ ಕೊಟ್ಟವನು, ಅವನ ಮುಖ ನೋಡಿ ಕೈ ತಡೆದ. "ಅಲ್ಲಾ, ನಿಮ್ಮನ್ನ ಯಾರು ಹತ್ತಿಸಿದ್ರು?"