ಬೀಜಾಡಿಯ ಊಟದ ಪಟ್ಟಿ

“ಹ್ವಾಯ್, ಇನ್ಶೂರೆನ್ಸ್ ನಂಗೆ ಬ್ಯಾಡ. ನಾ ಸತ್ರೆ ದುಡ್ಡ್ ತಕಂಬುಕೆ ಯಾರೂ ಇಲ್ಲ,” ಎಂದು ಜಿತೇಂದ್ರ ಜಗಲಿಯಿಂದಲೇ ಕೂಗಿದ.

ಗೇಟಿನ ಹೊರಗೆ ನಿಂತಿದ್ದ ಸುಪ್ರೀತಾ ಕೊರಳಿನ ಐಡಿ ಕಾರ್ಡ್ ಎತ್ತಿ ತೋರಿಸಿದಳು. “ಇನ್ಶೂರೆನ್ಸ್ ಅಲ್ಲ. ನಿನ್ನೆ ಬೆಳಿಗ್ಗೆಯಿಂದ ರಾತ್ರಿ ತನ್ಕ ನೀವ್ ಎಂತೆಲ್ಲ ತಿಂದ್ರಿ, ಅದನ್ನ್ ಕೇಳುಕೆ ಬಂದದ್ದ್.”

ಅವನು ಜೋರಾಗಿ ನಕ್ಕ. ನಗು ಅರ್ಧಕ್ಕೇ ನಿಂತಿತು. ಬಂದು ಗೇಟು ತೆರೆದ.

ಬೀಜಾಡಿಯಲ್ಲಿ ಒಂದು ಸಂಸ್ಥೆ ಸಕ್ಕರೆ ಕಾಯಿಲೆಯವರಿಗಾಗಿ ಒಂದು ವರ್ಷದ ಕಾರ್ಯಕ್ರಮ ಶುರುಮಾಡಿತ್ತು. ಮುಂಜಾನೆ ಕಡಲ ದಂಡೆಯಲ್ಲಿ ಗುಂಪು ನಡಿಗೆ, ತಿಂಗಳಿಗೊಂದು ಅಡುಗೆ ಕ್ಲಾಸು. ಅದರಿಂದ ಜನರ ಊಟ, ಓಡಾಟ ನಿಜಕ್ಕೂ ಬದಲಾಗುತ್ತದೆಯೇ ಎಂದು ಅಳೆಯುವುದು ಸುಪ್ರೀತಾಳ ಕೆಲಸ. ಶುರುವಿನಲ್ಲಿ, ಆರು ತಿಂಗಳಿಗೆ, ವರ್ಷದ ಕೊನೆಗೆ ಅರವತ್ತು ಮನೆಗಳಿಗೆ ಹೋಗಿ ಅದೇ ಪ್ರಶ್ನೆ ಕೇಳಬೇಕು.

ಆ ಅರವತ್ತರಲ್ಲಿ ಒಬ್ಬನಾದ ಜಿತೇಂದ್ರ ಇಪ್ಪತ್ತು ವರ್ಷ ಮುಂಬೈಯ ಹೋಟೆಲಿನಲ್ಲಿ ಅಡುಗೆ ಮಾಡಿದವನು. ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಬಂದಿದ್ದ. ಅಂದು ಅವನು ಒಪ್ಪಿಸಿದ್ದು ಮೂರು ಚಾ, ಒಂದು ಪ್ಯಾಕೆಟ್ ಬಿಸ್ಕೆಟ್, ರಾತ್ರಿ ಹೋಟೆಲಿನ ಪರೋಟ.

“ಅಡ್ಗಿ ಗೊತ್ತಿದ್ದರ್ ಹೀಂಗ್ ತಿಂಬುದಾ?”

“ಒಬ್ನಿಗೆ ಯಾರ್ ಒಲಿ ಹೊತ್ಸುದ್?”

ಸುಪ್ರೀತಾ ಫಾರಮ್ಮಿನ ಮೇಲೆ ತಲೆ ತಗ್ಗಿಸಿದಳು. ಮೂವತ್ತೇಳರ ಅವಳೂ ಬ್ರಹ್ಮಾವರದ ಬಾಡಿಗೆ ಕೋಣೆಯಲ್ಲಿ ಹಿಂದಿನ ರಾತ್ರಿ ಎರಡು ತುಂಡು ಬ್ರೆಡ್ ತಿಂದು ಮಲಗಿದ್ದಳು.

ಆರು ತಿಂಗಳ ಮೇಲೆ ಹೋದಾಗ ಅವನು ಇಸ್ತ್ರಿ ಅಂಗಿ ಹಾಕಿ ಕಾಯುತ್ತಿದ್ದ. ತೂಕ ನಾಲ್ಕು ಕಿಲೋ ಇಳಿದಿತ್ತು.

“ಬೆಳಿಗ್ಗೆ ಕುಚ್ಲಕ್ಕಿ ಗಂಜಿ, ಹುರುಳಿ ಚಟ್ನಿ. ಮಧ್ಯಾಹ್ನ ಹರಿವೆ ಪಲ್ಯ, ಬಂಗ್ಡೆ ಮೀನಿನ್ ಗಸಿ. ಕಾಯಿ ಅರ್ಧಕ್ಕರ್ಧ ಕಮ್ಮಿ ಮಾಡಿದ್ದೆ, ಬರ್ಕಣಿ.”

“ಬರ್ದೆ. ಮತ್ತೆ?”

“ಗಸಿ ಹೇಂಗಿತ್ತ್ ಅಂದ್ ಕೇಳುದಿಲ್ಯಾ?”

“ಅದಕ್ಕೆ ಫಾರಮ್ಮಲ್ಲಿ ಜಾಗ ಇಲ್ಲ.”

“ಫಾರಮ್ ಬಿಡಿ. ನಿಮ್ಗೆ ತಿಳ್ಕಂಬುದ್ ಬ್ಯಾಡ್ದಾ?”

ಅವನ ಕಣ್ಣಂಚಿನ ನಗು ನೋಡಿ ಅವಳು ತಪ್ಪು ಸಂಖ್ಯೆ ಬರೆದು ಹೊಡೆದುಹಾಕಿದಳು. ಸೊಂಟಕ್ಕೆ ಟೇಪು ಸುತ್ತುವಾಗ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದಳು.

“ಉಸ್ರ್ ಬಿಡಿ,” ಎಂದಳು.

“ಬಿಟ್ರೆ ಅಳತಿ ಜಾಸ್ತಿ ಆತ್ತಲೆ!”

ಅವಳು ನಕ್ಕುಬಿಟ್ಟಳು. ನಕ್ಕು ಎಷ್ಟು ದಿನವಾಗಿತ್ತೋ ನೆನಪಿರಲಿಲ್ಲ.

ಮುಂದಿನ ಆರು ತಿಂಗಳು ಇಂಥದ್ದೇ ಕೆಲಸಕ್ಕೆ ಬೈಂದೂರಿನ ಕಡೆ ಊರೂರು ಸುತ್ತಿ ಎಷ್ಟೋ ಮಂದಿಯ ಊಟ ಬರೆದುಕೊಂಡಳು. ಅವಳು ಉಂಡಳೇ ಎಂದು ಕೇಳಿದವರಿಲ್ಲ.

ವರ್ಷ ಮುಗಿಯಿತು. ನಡಿಗೆ ಗುಂಪು ಮಳೆಗಾಲದಲ್ಲೇ ಚದುರಿಹೋಗಿತ್ತು. ಹೆಚ್ಚಿನವರ ತೂಕ ಇದ್ದಲ್ಲೇ ಇತ್ತು. ಜಿತೇಂದ್ರ ಮಾತ್ರ ಒಂಬತ್ತು ಕಿಲೋ ಇಳಿದಿದ್ದ. ವರದಿಯ ಮುಖಪುಟಕ್ಕೆ ಅವನ ಫೋಟೋ ಬೇಕೆಂದು ಮೇಲಧಿಕಾರಿ ಪ್ರಭಾವತಿ ಹೇಳಿ ಕಳಿಸಿದ್ದರು.

“ಕೊನೇ ಪ್ರಶ್ನೆ. ಈ ಬದಲಾವಣೆಗೆ ಕಾರ್ಯಕ್ರಮದ ಯಾವ ಭಾಗ ಕಾರಣ?”

“ಸತ್ಯ ಹೇಳ್ಕಾ?”

“ಹೇಳಿ.”

“ನಡಿಗೆ ಗುಂಪಿಗೆ ನಾ ಒಂದಿನವೂ ಹೋಯ್ಲಿಲ್ಲ. ಅಡ್ಗಿ ಕ್ಲಾಸಿಗೆ ಒಂದ್ಸಲ ಹೋಯಿ ವಾಪಾಸ್ ಬಂದೆ. ನೀವ್ ಮತ್ತೆ ಬತ್ತೆ ಅಂದಿದ್ರಿ. ಬಂದಾಗ ಬಿಸ್ಕೆಟ್ ತಿಂದೆ ಅಂದ್ ಹೇಳುಕೆ ನಾಚ್ಕಿ ಆಯ್ತ್. ದಿನಾ ಕಡ್ಲ ಬದಿಯಲ್ಲಿ ಒಬ್ನೇ ನಡಿತೆ. ನಿಮ್ಗೆ ಹೇಳೂದನ್ನೆಲ್ಲ ಮನ್ಸಲ್ಲೇ ಹೇಳ್ಕಂತ ನಡಿತೆ.”

ಪೆನ್ನು ನಿಂತಿತು. ಅಂಥ ಮಾತನ್ನು ಅವಳಿಗೆ ಈ ತನಕ ಯಾರೂ ಹೇಳಿರಲಿಲ್ಲ. ಒಬ್ಬರು ಹೇಳಿದ ದಿನ ಅದನ್ನು ಫಾರಮ್ಮಿನ ಉತ್ತರವಾಗಿ ಅವಳೇ ಬರೆದುಕೊಳ್ಳಬೇಕಿತ್ತು.

ಬರೆದುಕೊಂಡಳು. ವರದಿಯಲ್ಲೂ ಹಾಗೆಯೇ ಬರೆದಳು: ಈತ ಬದಲಾದದ್ದು ಕಾರ್ಯಕ್ರಮದಿಂದಲ್ಲ, ಕೇಳಲು ಬಂದವರಿಂದ.

“ಆ ಸಾಲು ಬಿಟ್ಟುಬಿಡು ಸುಪ್ರೀತಾ, ಎಲ್ಲರಿಗೂ ಒಳ್ಳೆಯದು,” ಎಂದು ಪ್ರಭಾವತಿ ಫೋನಿನಲ್ಲಿ ಹೇಳಿದರು.

“ಬಿಟ್ಟರೆ ಉಳಿದದ್ದೂ ಸುಳ್ಳಾಗ್ತದೆ ಮೇಡಂ. ಕಾರಣ ನಾನೇ ಅಂದ ಮೇಲೆ ಮುಚ್ಚಿಡುವುದು ಸರಿಯಲ್ಲ.”

ಮರುವಾರವೇ ಬೀಜಾಡಿಯ ವರದಿಯೂ ಮುಂದಿನ ವರ್ಷದ ಭೇಟಿಗಳೂ ಬೇರೆಯವರ ಕೈಗೆ ಹೋದವು.

ಅದನ್ನು ತಿಳಿಸಲು ಅವಳು ಫೈಲಿಲ್ಲದೆ, ಬರಿಗೈಯಲ್ಲಿ ಹೋದಳು. ಜಿತೇಂದ್ರ ಬಾವಿಕಟ್ಟೆಯ ಬಳಿ ಮೀನು ಕೊಯ್ಯುತ್ತಿದ್ದ.

“ನಿಮ್ಮ ಹೆಸ್ರ್ ಪಟ್ಟಿಯಿಂದ ತೆಗ್ದ್ರ್. ನನ್ನನ್ನೂ ಈ ಕೆಲ್ಸದಿಂದ ತೆಗ್ದ್ರ್.”

“ನಾ ಹೇಳ್ದದ್ದ್ ತಪ್ಪಾಯ್ತಾ?”

“ಇಲ್ಲ.”

“ಹಾಂಗಾರೆ ನೀವ್ ಇನ್ ಬಪ್ಪುದಿಲ್ಯಾ?”

“ಕೆಲ್ಸದ ಮೇಲೆ ಬಪ್ಪುದಿಲ್ಲ.” ಅವಳು ಬಾವಿಕಟ್ಟೆಗೆ ಒರಗಿದಳು. “ವರ್ಷವಿಡೀ ನಾ ಕೇಳ್ದೆ, ನೀವ್ ಹೇಳಿದ್ರಿ. ನಂಗೂ ಹೇಳುಕೆ ಸುಮಾರಿತ್ತ್. ಕೇಳುಕೇ ಯಾರೂ ಇಲ್ಲ.”

ಜಿತೇಂದ್ರ ಎದ್ದು ಕೈ ತೊಳೆದುಕೊಂಡ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದುಕೊಂಡ. ತಿರುಗಿದಾಗ ಅವನ ಕಣ್ಣು ತುಂಬಿತ್ತು.

“ಆಯ್ತವಾರ ಬನ್ನಿ. ಇಡೀ ದಿನ ಕೇಳ್ತೆ,” ಎಂದ.

“ಬತ್ತೆ.”

ಅಂದು ಬುಧವಾರ. ಸಂಜೆ ಬ್ರಹ್ಮಾವರದ ಕೋಣೆಯ ಬೀಗ ತೆಗೆದು ಒಳಗೆ ಬಂದ ಸುಪ್ರೀತಾ ಲೈಟು ಹಾಕದೆ ಮಂಚದ ಮೇಲೆ ಕೂತಳು. ಎಷ್ಟೋ ವರ್ಷ ಒಬ್ಬಳೇ ಕಳೆದವಳಿಗೆ ಭಾನುವಾರದವರೆಗಿನ ನಾಲ್ಕು ದಿನ ಕಳೆಯುವುದು ಹೇಗೆಂದೇ ತಿಳಿಯಲಿಲ್ಲ.