ನಲ್ಲಿಗೆ ಕಟ್ಟಿದ ದಾರ

ಎಂದಿನಂತೆ ಭಾನುವಾರ ಬೆಳಿಗ್ಗೆ ಅಮ್ಮ ಏಳುವ ಮೊದಲೇ ಬಚ್ಚಲಮನೆಯ ಚಿಲಕ ಹಾಕಿಕೊಂಡು, ದಾರದ ಒಂದು ತುದಿಯನ್ನು ನಲ್ಲಿಗೆ ಕಟ್ಟಿದೆ. ಮೇಲ್ತುಟಿಗೆ ಪೌಡರ್ ಸವರಿ, ಒಳಗಿನಿಂದ ನಾಲಿಗೆ ಒತ್ತಿ ತುಟಿ ಬಿಗಿ ಮಾಡಿ, ಪುಟ್ಟ ಕನ್ನಡಿಯ ಮುಂದೆ ಬಗ್ಗಿ ದಾರವನ್ನು ತಿರುಚಿ ಎಳೆದು ತುಟಿಯ ಮೇಲಿನ ಕೂದಲು ಕಿತ್ತೆ. ಕಣ್ಣಲ್ಲಿ ನೀರು ಬಂತು. ಸದ್ದು ಮಾಡಲಿಲ್ಲ.

ಪಾರ್ಲರಿನಲ್ಲಿ ದಿನವೂ ಹತ್ತು ಹದಿನೈದು ಹೆಂಗಸರಿಗೆ ಇದೇ ಕೆಲಸ ಮಾಡುತ್ತೇನೆ. ಅಲ್ಲಿ ಆ ತುದಿ ನನ್ನ ಹಲ್ಲಿನ ನಡುವೆ ಇರುತ್ತದೆ. ಹಲ್ಲಲ್ಲಿ ದಾರವಿದ್ದಾಗ ಬಾಯಿ ಬಿಡಬಾರದು. ಬಿಟ್ಟರೆ ದಾರ ಜಾರಿ ಎದುರಿನವರ ಚರ್ಮ ಕೊಯ್ಯುತ್ತದೆ. ಮಾತು ಕಡಿಮೆಯಿರುವ ನನಗೆ ಹೇಳಿ ಮಾಡಿಸಿದ ಕೆಲಸ.

ನನ್ನ ತುಟಿಯನ್ನು ಮಾತ್ರ ಯಾರ ಕೈಗೂ ಕೊಟ್ಟವಳಲ್ಲ. ಎಂಟನೇ ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ‘ಮೀಸೆ ಮಾವ’ ಅನ್ನುತ್ತಿದ್ದರು. ಒಂದು ದಿನ ಬೋರ್ಡಿನ ಮೇಲೂ ಬರೆದರು. ಮರುದಿನದಿಂದ ನಾನು ಸ್ಕೂಲಿಗೆ ಹೋಗಲಿಲ್ಲ.

ಶನಿವಾರ ಸಂಜೆ ಪಾರ್ಲರಿಗೆ ದಾರ ಕೊಳ್ಳಲು ಎದುರಿನ ಅಂಗಡಿಗೆ ಹೋಗುವುದು ನನ್ನ ಪಾಲು. ಗುಂಡಿ, ಜಿಪ್ಪು, ಲೇಸು ಮಾರುವ ಅಂಗಡಿ. ಅಂಗಡಿಯವರು ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಉಂಡೆಯಿಂದ ಒಂದು ಮೊಳ ದಾರ ಎಳೆದು ಕೊಡುತ್ತಾರೆ. ಗಟ್ಟಿಯಿದೆಯೇ ಅಂತ ನಾನು ಕಚ್ಚಿ ಎಳೆದು ನೋಡುತ್ತೇನೆ.

“ಪಾಸಾ, ಫೇಲಾ?”

ತಲೆಯಾಡಿಸುತ್ತೇನೆ.

“ಅಬ್ಬ! ನಮ್ಮ ಮೇಷ್ಟ್ರು ಯಾವತ್ತೂ ಇಷ್ಟು ಬೇಗ ಪಾಸ್ ಮಾಡಿದ್ದಿಲ್ಲ.”

ನಗು ಬರುತ್ತದೆ. ಅಂಗೈಯಿಂದ ತುಟಿ ಮುಚ್ಚಿಕೊಳ್ಳುತ್ತೇನೆ. ಅವರ ಕಣ್ಣು ಆ ಕೈಯ ಮೇಲೇ ನಿಲ್ಲುತ್ತದೆ, ಅದು ಯಾವಾಗ ಸರಿಯುತ್ತದೋ ಅಂತ ಕಾಯುವ ಹಾಗೆ. ಆರು ತಿಂಗಳಿಂದ ಆ ಐದು ನಿಮಿಷದ ಮೇಲೆಯೇ ನನ್ನ ವಾರವೆಲ್ಲ ನಡೆಯುತ್ತಿತ್ತು.

ಸೋಮವಾರ ಅವರ ತಂಗಿ ಹುಬ್ಬು ಮಾಡಿಸಲು ಬಂದಳು. ಕುರ್ಚಿಗೆ ಒರಗಿದ್ದೇ ತಡ, ಬಾಯಿ ಶುರುವಾಯಿತು.

“ಎದುರು ಅಂಗಡಿ ನಮ್ಮಣ್ಣಂದೇ ಅಕ್ಕ. ಮದುವೆ ಆಗೋ ಅಂದ್ರೆ ತಮಾಷೆ ಮಾಡ್ತಾನೆ. ಪಾರ್ಲರಲ್ಲಿ ಒಬ್ಬಳು ಮೀಸೆ ಇರೋ ಹುಡುಗಿ ಇದ್ದಾಳೆ, ಅವಳೇ ಸಾಕು ಅಂತಾನೆ. ಮನೇಲಿ ಎಲ್ಲರೂ ಬಿದ್ದು ಬಿದ್ದು ನಕ್ವಿ. ಯಾರಕ್ಕ ಅದು?”

ಹಿಂದಿನ ದಿನವಷ್ಟೇ ನುಣುಪಾಗಿದ್ದ ನನ್ನ ತುಟಿಯ ಮೇಲೆ ಅವಳಿಗೆ ಅನುಮಾನ ಬರಲು ಏನೂ ಇರಲಿಲ್ಲ. ನನ್ನ ಹಲ್ಲಲ್ಲಿ ದಾರವಿತ್ತು. ಎರಡೂ ಹುಬ್ಬು ತಿದ್ದಿ ಕಳಿಸಿ, ಹಿಂದಿನ ಕೋಣೆಗೆ ಹೋಗಿ ಅತ್ತೆ.

“ಯಾಕೇ, ಕಣ್ಣಿಗೆ ಕೂದಲು ಬಿತ್ತಾ?” ಅಂದರು ಪಾರ್ಲರಿನ ಮೇಡಂ.

“ಹೂಂ ಮೇಡಂ.”

ಕಣ್ಣೊರೆಸಿಕೊಳ್ಳುವಾಗಲೇ ಗಟ್ಟಿ ಮಾಡಿಕೊಂಡೆ. ಸ್ಕೂಲು ಬಿಟ್ಟ ಹಾಗೆ ಈ ಅಂಗಡಿಯನ್ನು ಬಿಡುವುದಿಲ್ಲ. ತಮಾಷೆಯೋ ನಿಜವೋ, ಅವರ ಬಾಯಿಂದಲೇ ಕೇಳಬೇಕು. ಅದೂ ನನ್ನ ತುಟಿಯನ್ನು ಪೂರ್ತಿ ನೋಡಿದ ಮೇಲೆ.

ಎರಡು ಶನಿವಾರ ಅಂಗಡಿಗೆ ಹೋಗದೆ, ಇದ್ದ ದಾರದ ಉಂಡೆಗಳಲ್ಲೇ ಸುಧಾರಿಸಿದೆ. ಎರಡು ಭಾನುವಾರ ನಲ್ಲಿಗೆ ದಾರ ಕಟ್ಟಲಿಲ್ಲ.

“ಏನೇ ಇದು, ನಿಮ್ಮಪ್ಪನ ಮೀಸೆ ಹೊತ್ಕೊಂಡು ತಿರುಗ್ತಿದ್ದೀಯ?” ಅಂದಳು ಅಮ್ಮ.

“ಅದ್ರಿಂದ ಸ್ವಲ್ಪ ಕೆಲಸ ಇದೆ ಅಮ್ಮ.”

ಮೂರನೇ ಶನಿವಾರ, ಗಿರಾಕಿಗಳಿಲ್ಲದ ಮಧ್ಯಾಹ್ನ ನೋಡಿ ಅಂಗಡಿಗೆ ಹೋದೆ. ಕೈ ಅಡ್ಡ ಇಡಲಿಲ್ಲ.

“ಚೆನ್ನಾಗಿ ನೋಡಿ,” ಅಂದೆ. “ಆಮೇಲೆ ಹೇಳಿ. ಮನೇಲಿ ಹೇಳಿದ್ದು ತಮಾಷೆನಾ, ನಿಜಾನಾ?”

ಅವರ ಕೈಯಲ್ಲಿದ್ದ ಗುಂಡಿಗಳು ನೆಲದ ತುಂಬ ಉರುಳಿದವು. ಹೆಕ್ಕಲೂ ಇಲ್ಲ.

“ನಮ್ಮ ತಂಗಿ ಬಾಯಿಗೆ ಬೀಗ ಇಲ್ಲ,” ಅಂದರು. “ನಿಜಾನೇ. ನಿಮ್ಮ ಹೆಸರು ಗೊತ್ತಿಲ್ದೆ ಹಾಗಂದೆ. ತುಟಿ ಮೇಲೆ ಶನಿವಾರ ಕಾಣೋದು ಸೋಮವಾರ ಇರ್ತಿರ್ಲಿಲ್ಲ. ಮತ್ತೆ ಯಾವಾಗ ನೋಡ್ತೀನೋ ಅಂತ ಕಾಯ್ತಿದ್ದೆ.”

“ಕಾದಿದ್ದು ಯಾವುದಕ್ಕೆ? ಮೀಸೆಗಾ?”

“ಶನಿವಾರಕ್ಕೆ.” ಕಿವಿಯವರೆಗೆ ಕೆಂಪಾದರು. “ಎರಡು ಶನಿವಾರ ಬರ್ಲೇ ಇಲ್ಲ ನೀವು. ಅದನ್ನ ತೆಗೀಬೇಡಿ, ಹೀಗೇ ಚೆಂದ.”

“ಇಡೋದು, ತೆಗೆಯೋದು ನನ್ನಿಷ್ಟ. ನಾನು ತೆಗೀತೀನಿ. ಚಿಲಕ ಹಾಕ್ಕೊಂಡು ಮಾತ್ರ ತೆಗೆಯಲ್ಲ, ಇನ್ಮೇಲೆ.”

ಗಿರಾಕಿಗಳು ಲೇಸು ಹಿಡಿದು ನೋಡುವ ಅಂಗಡಿಯ ಕನ್ನಡಿಯ ಮುಂದೆ ನಿಂತೆ. ಹೊಸ ಉಂಡೆಯಿಂದ ದಾರ ಎಳೆದು ತುದಿಯನ್ನು ಅವರ ಕಡೆ ಚಾಚಿದೆ.

“ಇದನ್ನ ಹಲ್ಲಲ್ಲಿ ಕಚ್ಚಿ ಹಿಡ್ಕೊಳ್ಳಿ. ಬಾಯಿ ಬಿಟ್ರೆ ನನ್ನ ತುಟಿ ಕೊಯ್ಯುತ್ತೆ.”

ಕಚ್ಚಿ ಹಿಡಿದರು. ಉಸಿರನ್ನೂ ಹಿಡಿದರು. ಒಂದು ಮೊಳ ದೂರದಲ್ಲಿ ಅವರ ಕಣ್ಣು ರೆಪ್ಪೆ ಹೊಡೆಯುವುದನ್ನೇ ಮರೆತಿತ್ತು. ಪ್ರತಿ ಸಲ ಎಳೆದಾಗಲೂ ನನಗಾದ ನೋವು ಅವರ ಮುಖದಲ್ಲಿ ಕಂಡಿತು. ನಲ್ಲಿ ಯಾವತ್ತೂ ಹೀಗೆ ಮುಖ ಕಿವುಚಿರಲಿಲ್ಲ.

ಒಂದು ಬದಿ ಮುಗಿಯಿತು. ದಾರ ಎಲ್ಲೂ ಸಡಿಲವಾಗಿರಲಿಲ್ಲ. ಕನ್ನಡಿಯಿಂದ ಅವರ ಕಡೆ ತಿರುಗಿದೆ.

“ನಾಳೆ ಬೆಳಿಗ್ಗೆ ನಮ್ಮನೆಗೆ ಬಂದು ಅಮ್ಮನ ಹತ್ರಾನೂ ಮದುವೆ ಮಾತು ನಿಜಾನೇ ಅಂತ ಹೇಳ್ತೀರಾ?”