ಉಲ್ಟಾ ತಿರುಗುವ ಲೆನ್ಸು

"ಏಯ್, ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ರೆ ಅದು ಕೊಂಬಲ್ಲಿ ಎತ್ತಿ ಬಿಸಾಕುತ್ತೆ!"

ತೂರುನ್ ತಿರುಗಿ ನೋಡಿದಳು. ದೋವ್ರೆ ಬೆಟ್ಟದ ಗಾಳಿಗೆ ಗಡ್ಡ ಕೆದರಿಕೊಂಡ ಮಾರ್ಗದರ್ಶಿ ಸೀವರ್ಟ್ ಏದುಸಿರು ಬಿಡುತ್ತಾ ನಿಂತಿದ್ದ. ಎದುರಿಗೆ, ನೆಲ ಗುಡಿಸುವಷ್ಟು ಕೂದಲಿನ ಕಸ್ತೂರಿ ಎತ್ತು ಬುಸುಗುಡುತ್ತಿತ್ತು.

"ಹೊಸ ಕ್ಯಾಮೆರಾನಾ? ಕೊಡಿ, ನಾನೇ ಫೋಟೋ ತೆಗೆದುಕೊಡ್ತೀನಿ," ಎಂದು ಅವನು ಕೈ ಚಾಚಿದ.

"ಮುಟ್ಟಿದ್ರೆ ನೋಡಿ!"

ಅಬ್ಬಾ, ಆ ಕಣ್ಣುಗಳೋ ಕೆಂಡ! ಇರದೇ ಇರುತ್ತವೆಯೇ? ಹಲ್ವರ್ ಎಂಬ ಛಾಯಾಗ್ರಾಹಕ ಮಹಾನುಭಾವನನ್ನು ಪ್ರೀತಿಸಿ ವರ್ಷಗಟ್ಟಲೆ ಅವನ ಟ್ರೈಪಾಡ್ ಹೊತ್ತವಳು ಅವಳು. ಅವನು ಕಾಫಿ ಕುಡಿಯುವಾಗ ಕದ್ದುಮುಚ್ಚಿ ಅವನ ಕ್ಯಾಮೆರಾದಲ್ಲಿ ಚಿತ್ರ ತೆಗೆಯಲು ಕಲಿತವಳು. ಸಿಕ್ಕಿಬಿದ್ದ ದಿನ ಅವನು, 'ಇದೆಲ್ಲ ನಿನ್ನ ಕೈಲಾಗೋದಲ್ಲ ಕಣೇ' ಎಂದು ನಕ್ಕಿದ್ದ. ಅಂದೇ ಅವನನ್ನು ಬಿಟ್ಟು ಬಂದಿದ್ದಳು.

'ಒಂದೇ ಒಂದು ಚಿತ್ರ... ನನ್ನ ಕೈಯಿಂದ! ತೆಗೆಯದೆ ಬೆಟ್ಟ ಇಳಿಯೋಲ್ಲ!'

ಆದರೆ ಅವಳು ಕೊಂಡದ್ದು ಹಲ್ವರ್‌ನದಲ್ಲ, ಬೇರೆ ಕಂಪನಿಯ ಕ್ಯಾಮೆರಾ. ದೂರದ್ದನ್ನು ಹತ್ತಿರ ತರಲು ಅದರ ಲೆನ್ಸು ತಿರುಗುವುದೇ ಉಲ್ಟಾ! ಎತ್ತು ತಲೆಯೆತ್ತಿದ ಕೂಡಲೇ ಗಾಬರಿಗೆ ಅವಳ ಕೈ ಹಳೇ ದಿಕ್ಕಿಗೇ ಹೋಗುತ್ತಿತ್ತು. ಹತ್ತಿರ ಬರಬೇಕಾದ ಎತ್ತು ಚಿತ್ರದಲ್ಲಿ ಇರುವೆಯಾಗುತ್ತಿತ್ತು.

ಸೀವರ್ಟ್ ದಿನವೂ ಜೊತೆಗೆ ಬಂದ. ಕಂದು ಚೀಸಿನ ಬ್ರೆಡ್ಡು ಹಂಚಿಕೊಂಡ. ಕ್ಯಾಮೆರಾ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಕೊನೆಗೆ ಅವಳೇ ಸಿಡಿದಳು. "ಸಾಕಪ್ಪಾ! ಹೇಳು, ನಾನೇನು ಮಾಡ್ಲಿ?"

"ಮೊದಲೇ ಪೂರ್ತಿ ಹತ್ತಿರಕ್ಕೆ ತಿರುಗಿಸಿಟ್ಕೊಂಡು ಕಾಯ್ತಿರು. ಆಮೇಲೆ ಲೆನ್ಸಿಗೆ ಕೈ ಹಾಕಬೇಡ."

"ಇಷ್ಟೇನಾ? ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ? ನಾನು ಸೋಲೋದು ನೋಡೋಕೆ ಮಜಾನಾ? ನೀನೂ ಹಲ್ವರ್ ಥರಾನೇ!"

ಸೀವರ್ಟ್‌ನ ಮುಖ ಬಾಡಿತು.

"ಮೊದಲ ದಿನ ನೀನು ಕೇಳದೇನೇ ನಾನು ಕೈ ಚಾಚಿದೆ, ತೂರುನ್. ಆಗ ನಿನ್ನ ಮುಖ ನೋಡಿ... ನಂಗೆ ಭಯವಾಯ್ತು. ಎಲ್ಲಿ ನಿನ್ನ ಗೆಲುವನ್ನ ಕಿತ್ಕೊಂಡುಬಿಡ್ತೀನೋ ಅಂತ."

ತೂರುನ್ ಕ್ಯಾಮೆರಾ ಕೆಳಗಿಳಿಸಿದಳು. 'ಅಯ್ಯೋ... ನಾನು ಕೇಳ್ಲಿ ಅಂತ ಇವನು ಕಾಯ್ತಾ ಇದ್ನಾ?'

ಅಷ್ಟರಲ್ಲಿ ಇಳಿಜಾರಿನಾಚೆ ಎತ್ತು ಎದ್ದು ನಿಂತಿತು. ತೂರುನ್ ಲೆನ್ಸು ಪೂರ್ತಿ ತಿರುಗಿಸಿಟ್ಟು ಉಸಿರು ಬಿಗಿಹಿಡಿದಳು. ಅದು ಇವಳತ್ತ ತಿರುಗಿ, ಹಿಮ ಮೆತ್ತಿದ ಕೂದಲನ್ನು ಕೊಡವಿತು.

ಕ್ಲಿಕ್!

ಪರದೆಯ ಮೇಲೆ ಅದರ ಕಣ್ಣಂಚಿನ ರೋಮವೂ ಸ್ಪಷ್ಟವಾಗಿತ್ತು. ಅವಳು ಅಳುತ್ತಾ ನಕ್ಕಳು.

"ತೂರುನ್... ಈಗ ನೀನು ಕೇಳದೇನೇ ಒಂದು ಮಾತು ಹೇಳ್ಲಾ?"

"ಬೇಡ! ಇದನ್ನೂ ನಾನೇ ಕೇಳ್ತೀನಿ. ನಂಗೆ ನೀನು ಇಷ್ಟ. ನನ್ನ ಜೊತೆ ಇರ್ತೀಯಾ, ಸೀವರ್ಟ್?"

"ಇರ್ತೀನಿ ಕಣೇ... ನೀನು ಬೈದ್ರೂ ಇರ್ತೀನಿ."

"ಬೈತೀನಿ," ಎಂದು ಅವಳು ಅವನ ಎದೆಗೊರಗಿದಳು.